ಪೈಪ್ ಹ್ಯಾಂಡಲ್ ಹಾಕಿಸಿದ ಮೇಲೆ ಸೆಲ್ಫ್ ಕೈಕೊಟ್ಟ ಸಿಬಿಆರ್ 250

ಬೈಕು 2012ರ ಹೋಂಡಾ ಸಿಬಿಆರ್ 250ಆರ್. ನನ್ನದಲ್ಲ, ಚಿಕ್ಕಪ್ಪನ ಮಗನದು. ಮೈಸೂರು-ಮಡಿಕೇರಿ ಓಡಾಟ ಜಾಸ್ತಿ ಇರುವ ಹುಡುಗ. ಕ್ಲಿಪ್-ಆನ್ ಹ್ಯಾಂಡಲ್ (ಫೋರ್ಕ್ ಪೈಪುಗಳಿಗೇ ಬಿಗಿಯುವ ಎರಡು ತುಂಡಿನ ತಗ್ಗು ಹ್ಯಾಂಡಲ್) ಹಿಡಿದು ಮುಂದಕ್ಕೆ ಬಗ್ಗಿ ಕೂತು ಕೂತು ಮಣಿಕಟ್ಟು, ಸೊಂಟ ಎರಡೂ ಹಿಡಿದುಕೊಳ್ಳುತ್ತಿವೆ ಅಂತ ಒಂದು ಗ್ಯಾರೇಜಿನಲ್ಲಿ ಅದನ್ನು ತೆಗೆಸಿದ. ಎರಡು ಫೋರ್ಕ್ ಪೈಪುಗಳನ್ನು ಸೇರಿಸಿ ಹಿಡಿದಿರುವ ಟಿ-ಸ್ಟೆಮ್ ಮೇಲೆ ಅಲ್ಯೂಮಿನಿಯಂ ಪ್ಲೇಟು ಕೂರಿಸಿ, ಅದರ ಮೇಲೆ ಕ್ಲ್ಯಾಂಪ್ ಇಟ್ಟು, ಎತ್ತರದ ಪೈಪ್ ಹ್ಯಾಂಡಲ್ ಹಾಕಿಸಿಕೊಂಡ. ಟೂರಿಂಗ್ ಮಾಡುವವರು ಈ ಬೈಕಿಗೆ ಮಾಡಿಸುವ ಮಾಮೂಲಿ ಬದಲಾವಣೆ ಇದು. ಕೂರುವ ಭಂಗಿ ನಿಜಕ್ಕೂ ಚೆನ್ನಾಗಿ ಬಂದಿದೆ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಮುಂದಿನ ಬ್ರೇಕ್ ಹೋಸ್ ಮೂರನ್ನೂ ಉದ್ದದ್ದು ಹಾಕಿದ್ದರು. ವೈರಿಂಗ್ ಮಾತ್ರ ಹಳೆಯ ಉದ್ದದ್ದೇ.

ಮೊದಲು ಸ್ವಲ್ಪ ದಿನ ಏನೂ ತೊಂದರೆ ಇರಲಿಲ್ಲವಂತೆ. ಆಮೇಲೆ ಸೆಲ್ಫ್ ಆಟ ಆಡಿಸಲು ಶುರು ಮಾಡಿತು. ಬಟನ್ ಒತ್ತಿದರೆ ಒಮ್ಮೆ ಸರಿಯಾಗಿ ಎತ್ತುತ್ತದೆ, ಒಮ್ಮೆ ಸೀಟಿನ ಕೆಳಗೆ 'ಟಿಕ್' ಅಂತ ಸದ್ದು ಮಾತ್ರ, ಇನ್ನೊಮ್ಮೆ ಅದೂ ಇಲ್ಲ. ಈ ಬೈಕಿಗೆ ಕಿಕ್ಕರ್ ಇಲ್ಲ. ಮಳೆಯಲ್ಲಿ ರೇನ್‌ಕೋಟ್ ಹಾಕಿಕೊಂಡು, ಹಿಂದೆ ಲಗೇಜ್ ಕಟ್ಟಿಕೊಂಡು ತಳ್ಳಿ ಸ್ಟಾರ್ಟ್ ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಹೊಸ ಬ್ಯಾಟರಿ ಹಾಕಿಸಿದ, ತೊಂದರೆ ಹೋಗಲಿಲ್ಲ. ಸ್ಟಾರ್ಟರ್ ರಿಲೇ, ಅಂದರೆ ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್, ಬದಲಾಯಿಸಿದರು, ಹೋಗಲಿಲ್ಲ. ಮುಂದಿನ ಸರದಿ ಮೋಟಾರಿನದು.

"ಅಣ್ಣಾ, ಸೆಲ್ಫ್ ಮೋಟಾರ್ ಬಿಚ್ಚಿ ನೋಡ್ಬೇಕಂತೆ, ಬ್ರಶ್ ಹೋಗಿರ್ಬಹುದಂತೆ. ಬಿಚ್ಚಿಸ್ಲಾ?" ಅಂತ ಫೋನ್ ಮಾಡಿದ.

"ಏನೂ ಬಿಚ್ಚಿಸ್ಬೇಡ ಕಣೋ. ಹ್ಯಾಂಡಲ್ ಹಾಕಿಸೋ ಮುಂಚೆ ಸರಿ ಇತ್ತಲ್ವಾ? ಬೈಕ್ ಇಲ್ಲಿಗೆ ತಗೊಂಡು ಬಾ."

ಹಾಗೆ ಹೇಳಲು ಕಾರಣ ಇದೆ. ಸೆಲ್ಫ್ ಸ್ಟಾರ್ಟಿನಲ್ಲಿ ಎರಡು ಸರ್ಕ್ಯೂಟ್ ಇರುತ್ತವೆ. ಒಂದು ದಪ್ಪ ಕೇಬಲ್ಲಿನದು: ಬ್ಯಾಟರಿಯಿಂದ ರಿಲೇ, ರಿಲೇಯಿಂದ ಮೋಟಾರ್. ಇದರಲ್ಲಿ ಹತ್ತಾರು ಆಂಪಿಯರ್ ಹರಿಯುತ್ತದೆ. ಇದು ಸೀಟಿನ ಕೆಳಗಿಂದ ಎಂಜಿನ್‌ಗೆ ಹೋಗುತ್ತದೆ, ಹ್ಯಾಂಡಲ್ ಹತ್ತಿರ ಸುಳಿಯುವುದೂ ಇಲ್ಲ. ಇನ್ನೊಂದು ಸಣ್ಣ ವೈರುಗಳದ್ದು. ರಿಲೇ ಒಳಗಿನ ಕಾಯಿಲ್‌ಗೆ ಕರೆಂಟ್ ಕೊಟ್ಟು ಅದನ್ನು ಎಳೆಸುವುದಷ್ಟೇ ಇದರ ಕೆಲಸ. ಇದರಲ್ಲಿ ಹರಿಯುವುದು ಮೂರು ಆಂಪಿಯರ್ ಆಸುಪಾಸು. ಆದರೆ ಈ ಸಣ್ಣ ಸರ್ಕ್ಯೂಟ್ ಹ್ಯಾಂಡಲ್ಲಿನ ಬಲಗಡೆ ಸ್ವಿಚ್‌ಗೂ ಹೋಗುತ್ತದೆ, ಎಡಗಡೆ ಕ್ಲಚ್ ಲಿವರ್‌ಗೂ ಹೋಗುತ್ತದೆ. ಹ್ಯಾಂಡಲ್ ಮುಟ್ಟಿದ ಮೇಲೆ ಸೆಲ್ಫ್ ಕೆಟ್ಟಿದೆ ಅಂದರೆ ನೂರಕ್ಕೆ ತೊಂಬತ್ತು ಪಾಲು ಈ ಸಣ್ಣ ಸರ್ಕ್ಯೂಟಿನಲ್ಲೇ, ಅದರಲ್ಲೂ ಹ್ಯಾಂಡಲ್ ಮತ್ತು ಫ್ರೇಮಿನ ನಡುವಿನ ಮೊಳದುದ್ದ ವೈರಿನಲ್ಲೇ ತೊಂದರೆ ಇರುತ್ತದೆ. ಬ್ಯಾಟರಿ, ಮೋಟಾರ್‌ಗೆ ದುಡ್ಡು ಸುರಿಯುವ ಮೊದಲು ಅಲ್ಲಿ ನೋಡಬೇಕು.

ಬೈಕ್ ಬಂದ ಮೇಲೆ ಸ್ಪ್ಯಾನರ್ ಹಿಡಿಯುವ ಮೊದಲು ಅವನನ್ನೇ ಕೂರಿಸಿಕೊಂಡು ಕೇಳಿದೆ. ಯಾವಾಗ ಎತ್ತುತ್ತೆ, ಯಾವಾಗ ಎತ್ತಲ್ಲ? ಮೊದಲು "ಹೇಳಕ್ಕಾಗಲ್ಲ ಅಣ್ಣಾ, ಅದರ ಇಷ್ಟ" ಅಂದ. ಬಿಡದೆ ಕೇಳಿದಾಗ ಎರಡು ವಿಷಯ ಹೊರಬಂತು. ಸೈಡ್ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ ಎಡಕ್ಕೆ ತಿರುಗಿಸಿ ನಿಲ್ಲಿಸಿದ್ದಾಗ ಬೆಳಿಗ್ಗೆ ನ್ಯೂಟ್ರಲ್‌ನಲ್ಲಿ ಹೆಚ್ಚುಕಮ್ಮಿ ಯಾವಾಗಲೂ ಎತ್ತುತ್ತದೆ. ಸಿಗ್ನಲ್‌ನಲ್ಲಿ ಬೈಕು ಆಫ್ ಆದರೆ, ಹ್ಯಾಂಡಲ್ ನೇರ ಇದ್ದಾಗ, ಕಷ್ಟ. ಇನ್ನೊಂದು: ಗೇರಿನಲ್ಲಿದ್ದಾಗ ಕ್ಲಚ್ ಹಿಡಿದು ಒತ್ತಿದರೆ ಒಂದು ಸಲವೂ ಎತ್ತಿಲ್ಲ. ನ್ಯೂಟ್ರಲ್‌ಗೆ ತಂದೇ ಒತ್ತಬೇಕು.

ಇವು ಒಂದೇ ತೊಂದರೆಯ ಎರಡು ಮುಖ ಅಲ್ಲ, ಎರಡು ಬೇರೆ ಬೇರೆ ತೊಂದರೆ ಅಂತ ಅಲ್ಲೇ ಅನುಮಾನ ಬಂತು. ಯಾಕೆ ಅಂತ ತಿಳಿಯಲು ಕರೆಂಟ್ ಹೋಗುವ ದಾರಿ ನೋಡಬೇಕು. ಹೋಂಡಾ ಬೈಕುಗಳಲ್ಲಿ ಸಾಮಾನ್ಯವಾಗಿ ಸ್ಟಾರ್ಟ್ ಬಟನ್ನಿನಿಂದ ರಿಲೇಗೆ ಹೋಗುವ ವೈರು ಹಳದಿ, ಮೇಲೆ ಕೆಂಪು ಗೆರೆ. ಅದು ಕಾಯಿಲ್‌ನ ಒಂದು ತುದಿಗೆ ಬರುತ್ತದೆ. ಕಾಯಿಲ್‌ನ ಇನ್ನೊಂದು ತುದಿಯಿಂದ ಹೊರಡುವುದು ಹಸಿರು, ಮೇಲೆ ಕೆಂಪು ಗೆರೆ. ಅದು ಅರ್ತ್, ಅಂದರೆ ಬ್ಯಾಟರಿ ಮೈನಸ್, ಸೇರಬೇಕು, ಆಗಲೇ ರಿಲೇ ಎಳೆಯುವುದು. ಅರ್ತ್ ಸೇರಲು ಎರಡು ದಾರಿ ಇವೆ. ಒಂದು, ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ದಾಟಿ ನ್ಯೂಟ್ರಲ್ ಸ್ವಿಚ್ ಮೂಲಕ. ನ್ಯೂಟ್ರಲ್ ಸ್ವಿಚ್ ಎಂಜಿನ್ ಮೇಲಿದೆ, ಹ್ಯಾಂಡಲ್‌ಗೆ ಸಂಬಂಧ ಇಲ್ಲ. ಇನ್ನೊಂದು, ಕ್ಲಚ್ ಲಿವರ್ ಕೆಳಗಿನ ಸ್ವಿಚ್ ದಾಟಿ, ಸೈಡ್ ಸ್ಟ್ಯಾಂಡ್ ಸ್ವಿಚ್ ಮೂಲಕ. ಗೇರಿನಲ್ಲಿದ್ದಾಗ ಮೊದಲನೆಯ ದಾರಿ ಮುಚ್ಚಿರುತ್ತದೆ, ಎರಡನೆಯದರಲ್ಲೇ ಹೋಗಬೇಕು. ಹಾಗಾಗಿ ಗೇರಿನಲ್ಲಿ ಯಾವತ್ತೂ ಎತ್ತಲ್ಲ ಅಂದರೆ ಕ್ಲಚ್ ಅಥವಾ ಸೈಡ್ ಸ್ಟ್ಯಾಂಡ್ ಕಡೆ ಕಡಿದುಹೋಗಿದೆ. ನ್ಯೂಟ್ರಲ್‌ನಲ್ಲೂ ಆಗಾಗ ಎತ್ತಲ್ಲ ಅಂದರೆ ಎರಡು ದಾರಿಗೂ ಸಾಮಾನ್ಯವಾದ ಕಡೆ, ಅಂದರೆ ಬಟನ್ ಕಡೆ, ಏನೋ ಆಗಿದೆ. ಮಾಲೀಕ ಹೇಳಿದ ಎರಡು ಮಾತಿನಲ್ಲಿ ಅರ್ಧ ಕೆಲಸ ಮುಗಿಯಿತು.

ಆದರೂ ದಪ್ಪ ಕೇಬಲ್ಲಿನ ಕಡೆ ಒಮ್ಮೆ ಖಾತ್ರಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮನಸ್ಸಿನಲ್ಲಿ ಅದೇ ಕೊರೆಯುತ್ತಿರುತ್ತದೆ. ಬ್ಯಾಟರಿ ಸುಮ್ನೆ ಇದ್ದಾಗ 12.7 ವೋಲ್ಟ್. ಎತ್ತಿದ ಸಲ ಮೋಟಾರ್ ತಿರುಗುವಾಗ 10.6ಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಹೋಗಲಿಲ್ಲ. ತಿರುಗುವಾಗ ಒಂಬತ್ತೂವರೆಗಿಂತ ಕೆಳಗೆ ಬಿದ್ದಿದ್ದರೆ ಬ್ಯಾಟರಿ ಅನುಮಾನಿಸುತ್ತಿದ್ದೆ. ಆಮೇಲೆ ಕೀ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ರಿಲೇ ಮೇಲಿನ ಎರಡು ದಪ್ಪ ಬೋಲ್ಟುಗಳನ್ನು ಒಂದು ದಪ್ಪ ಕೇಬಲ್ ತುಂಡಿನಿಂದ ಒಂದು ಕ್ಷಣ ಮುಟ್ಟಿಸಿದೆ. ಮೋಟಾರ್ ಗರ್ರ್ ಅಂತ ಜೋರಾಗಿ ತಿರುಗಿತು. ಇದನ್ನು ಮಾಡುವಾಗ ಕಿಡಿ ಹಾರುತ್ತದೆ. ಪೆಟ್ರೋಲ್ ವಾಸನೆ ಇರುವ ಜಾಗದಲ್ಲಿ, ಟ್ಯಾಂಕ್ ಪೈಪ್ ಬಿಚ್ಚಿಟ್ಟಾಗ ಖಂಡಿತ ಮಾಡಬೇಡಿ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ.

ಇಲ್ಲಿಗೆ ಬ್ಯಾಟರಿ, ಮೋಟಾರ್, ದಪ್ಪ ಕೇಬಲ್, ಎಂಜಿನ್ ಅರ್ತ್ ಎಲ್ಲ ಪಾಸ್. ಮೋಟಾರ್ ಬಿಚ್ಚುವ ಮಾತೇ ಇಲ್ಲ. ಕೇಬಲ್ ಮುಟ್ಟಿಸುವ ಧೈರ್ಯ ಇಲ್ಲದವರು ಇನ್ನೊಂದು ಸುಲಭದ ಸೂಚನೆ ನೋಡಬಹುದು: ಬಟನ್ ಒತ್ತಿದಾಗ ಮೀಟರ್ ಲೈಟು ಮಂಕಾಗುತ್ತದಾ? ಪೂರ್ತಿ ಮಂಕಾದರೆ ಮೋಟಾರಿಗೆ ಕರೆಂಟ್ ಹೋಗಲು ಹೊರಟಿದೆ, ಬ್ಯಾಟರಿಯೋ ದಪ್ಪ ಕೇಬಲ್ಲೋ ನೋಡಿ. ಒಂಚೂರೂ ಅಲುಗಾಡದಿದ್ದರೆ ಕರೆಂಟ್ ಮೋಟಾರ್ ತನಕ ಹೋಗೇ ಇಲ್ಲ, ಸಣ್ಣ ಸರ್ಕ್ಯೂಟ್ ನೋಡಿ. ಹೆಡ್‌ಲೈಟ್ ನೋಡಿ ತೀರ್ಮಾನ ಮಾಡಬೇಡಿ, ಬಹಳ ಬೈಕುಗಳಲ್ಲಿ ಸ್ಟಾರ್ಟ್ ಬಟನ್ ಒತ್ತಿದಾಗ ಹೆಡ್‌ಲೈಟ್ ತಾನಾಗೇ ಆರುವ ಹಾಗೆ ಮಾಡಿರುತ್ತಾರೆ.

ಕೀ ಆನ್ ಮಾಡಿದಾಗ ಫ್ಯುಯೆಲ್ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅನ್ನುತ್ತದೆ, ಬಲಗಡೆ ಹ್ಯಾಂಡಲ್ಲಿನಲ್ಲಿ ಎಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ ಆನ್ ಕಡೆ ಇದ್ದರೆ ಮಾತ್ರ. ಹ್ಯಾಂಡಲ್ ಎಡಕ್ಕೆ, ನೇರ, ಬಲಕ್ಕೆ ಇಟ್ಟು ಮೂರೂ ಸಲ ಕೇಳಿದೆ, ಸದ್ದು ಒಂದೇ ಥರ. ಅಂದರೆ ಕಿಲ್ ಸ್ವಿಚ್‌ನ ವೈರು ಚೆನ್ನಾಗಿದೆ. ಬಟನ್ನಿಗೆ ಕರೆಂಟ್ ಕಿಲ್ ಸ್ವಿಚ್ ದಾಟಿಯೇ ಬರುತ್ತದೋ ಬೇರೆ ವೈರಿನಲ್ಲಿ ಬರುತ್ತದೋ ಎಂಬುದು ಬೈಕಿನಿಂದ ಬೈಕಿಗೆ ಬೇರೆ. ಹಾಗಾಗಿ ಅದರ ಮೇಲೆ ಊಹೆ ಮಾಡದೆ ಅಳೆದು ನೋಡುವುದೇ ಒಳ್ಳೆಯದು.

ಈಗ ಮುಖ್ಯ ವಿಷಯ. ಹಿಂದಿನ ಗ್ಯಾರೇಜಿನಲ್ಲಿ ಈ ವೈರುಗಳನ್ನು ಚೆಕ್ ಮಾಡಿಯೇ ಇರಲಿಲ್ಲ ಅಂತಲ್ಲ. ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ ಎರಡು ತುದಿ ಮುಟ್ಟಿಸಿದ್ದಾರೆ, ಬೀಪ್ ಬಂದಿದೆ, ವೈರ್ ಸರಿ ಇದೆ ಅಂದಿದ್ದಾರೆ. ಎಲ್ಲರೂ ಮಾಡುವುದೇ ಅದು. ಆದರೆ ಬೀಪ್ ನಂಬಬೇಡಿ. ಮೀಟರ್ ಆ ಪರೀಕ್ಷೆಗೆ ಕಳಿಸುವುದು ಮಿಲಿ ಆಂಪಿಯರ್ ಲೆಕ್ಕದ ಕರೆಂಟು. ವೈರಿನಲ್ಲಿ ಹತ್ತು ಹದಿನೈದು ಓಮ್ಸ್ ಅಡ್ಡಿ ಇದ್ದರೂ ಬಹಳಷ್ಟು ಮೀಟರ್‌ಗಳು ಬೀಪ್ ಹೊಡೆಯುತ್ತವೆ. ಇತ್ತ ರಿಲೇ ಕಾಯಿಲ್‌ನ ರೆಸಿಸ್ಟೆನ್ಸೇ ನಾಲ್ಕು ಓಮ್ಸ್ ಸುಮಾರು. ದಾರಿಯಲ್ಲಿ ಎರಡು ಓಮ್ಸ್ ಅಡ್ಡಿ ಇದ್ದರೂ ಸಾಕು, ಹನ್ನೆರಡು ವೋಲ್ಟಿನಲ್ಲಿ ಮೂರನೇ ಒಂದು ಭಾಗವನ್ನು ಆ ಅಡ್ಡಿಯೇ ತಿಂದು, ಕಾಯಿಲ್‌ಗೆ ಎಂಟು ವೋಲ್ಟ್ ಮಾತ್ರ ಉಳಿಯುತ್ತದೆ. ಎಂಟು ವೋಲ್ಟಿಗೆ ರಿಲೇ ಎಳೆಯಲೂಬಹುದು, ಎಳೆಯದೆಯೂ ಇರಬಹುದು, ಅರ್ಧ ಎಳೆದು ಟಿಕ್ ಅನ್ನಲೂಬಹುದು. ನಮ್ಮ ಹುಡುಗ "ಅದರ ಇಷ್ಟ" ಅಂದದ್ದು ಇದಕ್ಕೇ.

ಆದ್ದರಿಂದ ಅಳೆಯಬೇಕಾದದ್ದು ವೋಲ್ಟೇಜ್, ಅದೂ ಕೆಲಸ ನಡೆಯುತ್ತಿರುವಾಗ. ರಿಲೇಗೆ ವೈರುಗಳನ್ನು ಸಿಕ್ಕಿಸುವ ಕಪ್ಲರ್ ಬಿಚ್ಚಿ, ಹಳದಿ-ಕೆಂಪು ವೈರಿನ ಟರ್ಮಿನಲ್‌ಗೆ ಮೀಟರ್ ಹಿಡಿದು, ಬಟನ್ ಒತ್ತಿಸಿದೆ: 12.3 ವೋಲ್ಟ್. ಹ್ಯಾಂಡಲ್ ಹೇಗೆ ತಿರುಗಿಸಿದರೂ ಹೆಚ್ಚುಕಮ್ಮಿ ಅಷ್ಟೇ. ಇಲ್ಲಿಗೆ ನಿಲ್ಲಿಸಿದವರು ವೈರ್ ಸರಿ ಇದೆ, ರಿಲೇ ಕೆಟ್ಟಿದೆ ಅಂತಲೇ ಹೇಳುತ್ತಾರೆ. ಕಪ್ಲರ್ ವಾಪಸ್ ಹಾಕಿದೆ. ಈಗ ಕಪ್ಲರ್ ಹಿಂಬದಿಯಿಂದ, ವೈರ್ ಒಳಗೆ ಹೋಗುವ ಸಂದಿಯಲ್ಲಿ ಒಂದು ಗುಂಡುಪಿನ್ನು ಮೆಲ್ಲಗೆ ತೂರಿಸಿ, ಅದಕ್ಕೆ ಮೀಟರಿನ ಕೆಂಪು ಪ್ರೋಬ್, ಬ್ಯಾಟರಿ ಮೈನಸ್‌ಗೆ ಕಪ್ಪು ಪ್ರೋಬ್. ನ್ಯೂಟ್ರಲ್‌ನಲ್ಲಿಟ್ಟು ಒತ್ತಿಸಿದೆ.

ಹ್ಯಾಂಡಲ್ ಎಡಕ್ಕೆ: ರಿಲೇ ಟಕ್ ಅಂತು, ಮೋಟಾರ್ ತಿರುಗಿತು. ನೇರಕ್ಕೆ ತಂದು ಒತ್ತಿಸಿದಾಗ 8.1, ಟಿಕ್ ಅಂತಷ್ಟೇ ಸದ್ದು. ಬಲಕ್ಕೆ ಪೂರ್ತಿ ತಿರುಗಿಸಿ ಒತ್ತಿಸಿದಾಗ 3.4, ಸದ್ದೇ ಇಲ್ಲ. ಒತ್ತಿಕೊಂಡೇ ಮೆಲ್ಲಗೆ ಬಲದಿಂದ ಎಡಕ್ಕೆ ತಿರುಗಿಸು ಅಂದೆ. ಅಂಕಿ ಏರುತ್ತಾ ಹೋಗಿ ಒಂದು ಜಾಗದಲ್ಲಿ ರಿಲೇ ಪಟ್ ಅಂತ ಎಳೆದುಕೊಂಡಿತು. ಹುಡುಗ ಮೀಟರ್ ನೋಡಿ, "ಅಣ್ಣಾ, ಹಂಗಾದ್ರೆ ಬ್ಯಾಟರಿ ಚೆನ್ನಾಗೇ ಇತ್ತಾ?" ಅಂದ. ಚೆನ್ನಾಗೇ ಇತ್ತು.

ಲೋಡ್ ಇಲ್ಲದಾಗ, ಅಂದರೆ ಕಾಯಿಲ್ ಕರೆಂಟ್ ಎಳೆಯದಿದ್ದಾಗ, 12.3, ಲೋಡ್ ಬಿದ್ದಾಗ 8.1. ಇದೊಂದು ವ್ಯತ್ಯಾಸ ಕಣ್ಣಿಗೆ ಬಿದ್ದರೆ ವೈರಿಂಗ್ ಹುಡುಕಾಟದಲ್ಲಿ ಕತ್ತಲೆ ಅನ್ನುವುದು ಇರುವುದಿಲ್ಲ. ಮೀಟರ್ ಇಲ್ಲದವರು 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬಿಗೆ ಎರಡು ವೈರ್ ಕಟ್ಟಿಕೊಂಡು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಅದು 12 ವೋಲ್ಟಿನಲ್ಲಿ ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ, ಅದೇ ಲೋಡ್ ಆಯಿತು. ಚೆನ್ನಾಗಿ ಉರಿದರೆ ವೈರ್ ಸರಿ, ಕೆಂಪಗೆ ಮಿಣುಗಿದರೆ ಎಲ್ಲೋ ಅಡ್ಡಿ. ನನ್ನ ಪ್ರಕಾರ ಬೀಪ್‌ಗಿಂತ ಈ ಬಲ್ಬು ಎಷ್ಟೋ ಪಾಲು ಪ್ರಾಮಾಣಿಕ. ಎಲ್‌ಇಡಿ ಟೆಸ್ಟರ್ ಮಾತ್ರ ಬೇಡ, ಅದು ಎಳೆಯುವ ಕರೆಂಟ್ ತೀರಾ ಕಮ್ಮಿ, ಬೀಪ್‌ನ ಕಥೆಯೇ ಆಗುತ್ತದೆ.

ಬಲಗಡೆ ಸ್ವಿಚ್ಚಿನ ಕಪ್ಲರ್ ಮುಂದೆ, ಫೇರಿಂಗ್ (ಬೈಕಿನ ಮುಂಭಾಗದ ಪ್ಲಾಸ್ಟಿಕ್ ಕವಚ) ಒಳಗೆ ಇದೆ. ಪಕ್ಕದ ಪ್ಯಾನೆಲ್ ಬಿಚ್ಚಬೇಕು. ಈ ಕೆಲಸ ಬೇಸರ ತರಿಸುತ್ತದೆ, ಆದರೆ ಬೇರೆ ದಾರಿ ಇಲ್ಲ. ಹತ್ತು ವರ್ಷ ದಾಟಿದ ಪ್ಲಾಸ್ಟಿಕ್ಕಿನ ಲಾಕ್‌ಗಳು ಮುರಿಯದಂತೆ ಬಿಚ್ಚುವುದರಲ್ಲೇ ಹೊತ್ತು ಹೋಗುತ್ತದೆ. ಹ್ಯಾಂಡಲ್ ನೇರ ಇಟ್ಟು ಬಟನ್ ಒತ್ತಿಸಿ, ಕಪ್ಲರ್‌ನ ಎರಡೂ ಬದಿ ಪಿನ್ನು ತೂರಿಸಿ ಅಳೆದೆ. ಫ್ರೇಮ್ ಕಡೆ 8.1. ಸ್ವಿಚ್ ಕಡೆಯೂ 8.1. ಅಂದರೆ ಕಪ್ಲರ್ ಒಳಗೆ ಏನೂ ಕಳೆದುಹೋಗುತ್ತಿಲ್ಲ, ಇಲ್ಲಿಂದ ರಿಲೇ ತನಕವೂ ಏನೂ ಕಳೆದುಹೋಗುತ್ತಿಲ್ಲ. ಇನ್ನೂ ಮೇಲೆ ಹೋಗಬೇಕು. ಸ್ವಿಚ್ಚಿನ ಎರಡು ಸ್ಕ್ರೂ ಬಿಚ್ಚಿ ಗೂಡು ತೆರೆದು, ಬಟನ್ನಿನ ಹಿಂದೆ ಹಳದಿ-ಕೆಂಪು ವೈರ್ ಬೆಸುಗೆ ಹಾಕಿರುವ ಜಾಗಕ್ಕೆ ಪ್ರೋಬ್ ಇಟ್ಟೆ: 12.0. ಬಟನ್ ಒಳಗಿನ ತಾಮ್ರದ ಕಾಂಟ್ಯಾಕ್ಟೂ ಸರಿ. ನಾಲ್ಕು ವೋಲ್ಟ್ ಕಾಣೆಯಾಗುತ್ತಿರುವುದು ಈ ಬಟನ್ನಿಗೂ ಆ ಕಪ್ಲರ್‌ಗೂ ಮಧ್ಯದ ಒಂದು ಮೊಳ ವೈರಿನಲ್ಲಿ.

ಗೂಡು ತೆರೆದಾಗ ಒಂದು ವಿಷಯ ನೋಡಿದೆ, ಹೇಳಲೇಬೇಕು. ಈ ಸ್ವಿಚ್ ಗೂಡಿನ ಒಳಗೆ ಒಂದು ಸಣ್ಣ ಮೊಳೆಯಂಥ ಗುಬ್ಬಿ ಇರುತ್ತದೆ. ಹ್ಯಾಂಡಲ್ ಪೈಪಿನ ತೂತಿನಲ್ಲಿ ಅದು ಕೂತರೆ ಸ್ವಿಚ್ ಸುತ್ತ ತಿರುಗುವುದಿಲ್ಲ. ಹೊಸ ಪೈಪಿನಲ್ಲಿ ತೂತು ಇರುವುದಿಲ್ಲ. ಕೆಲವು ಕಡೆ ಆ ಗುಬ್ಬಿಯನ್ನೇ ಕತ್ತರಿಸಿ ಬಿಗಿದು ಕಳಿಸುತ್ತಾರೆ, ಇನ್ನು ಕೆಲವು ಕಡೆ ಗುಬ್ಬಿ ಹಾಗೇ ಇಟ್ಟು ಜೋರಾಗಿ ಬಿಗಿಯುತ್ತಾರೆ. ಮೊದಲನೆಯದರಲ್ಲಿ ಸ್ವಿಚ್ ಕೈಯಲ್ಲೇ ಸುತ್ತುತ್ತದೆ. ಎರಡನೆಯದರಲ್ಲಿ ಗೂಡಿನ ಎರಡು ಹೋಳು ಪೂರ್ತಿ ಮುಚ್ಚದೆ, ಸಂದಿಗೆ ವೈರ್ ಸಿಕ್ಕಿ ಜಜ್ಜಿಹೋಗುತ್ತದೆ. ಇಲ್ಲಿ ಆ ಗ್ಯಾರೇಜಿನವರು ಪೈಪಿಗೆ ಅಳತೆಯ ತೂತು ಹೊಡೆದು, ಅಂಚು ಅರದಿಂದ ಉಜ್ಜಿ, ನೀಟಾಗಿ ಕೂರಿಸಿದ್ದರು. ಒಳ್ಳೆಯ ಕೆಲಸ. ಅದರಲ್ಲಿ ತೊಂದರೆ ಇರಲಿಲ್ಲ.

ತೊಂದರೆ ಇದ್ದದ್ದು ಕೆಳಗೆ. ಸ್ವಿಚ್ಚಿನಿಂದ ಬರುವ ವೈರಿನ ಕಟ್ಟನ್ನು ಹ್ಯಾಂಡಲ್ ಕ್ಲ್ಯಾಂಪ್ ಪಕ್ಕ ಒಂದು ಕೇಬಲ್ ಟೈ ಹಾಕಿ ಬಿಗಿಯಾಗಿ ಎಳೆದು ಕಟ್ಟಿದ್ದರು. ಅಲ್ಲಿಂದ ಕಟ್ಟು ಫೋರ್ಕ್ ಪೈಪಿನ ಹೊರಬದಿಯಿಂದ ಸುತ್ತಿ ಫೇರಿಂಗ್ ಒಳಗೆ ಇಳಿಯುತ್ತಿತ್ತು. ಹ್ಯಾಂಡಲ್ ಬಲಕ್ಕೆ ತಿರುಗಿದಾಗ ಬಲಗೈ ಹಿಡಿ ಹಿಂದಕ್ಕೆ ಬರುತ್ತದೆ, ಕಪ್ಲರ್ ಮುಂದೆಯೇ ಇರುತ್ತದೆ, ಮಧ್ಯದ ಕಟ್ಟು ವೀಣೆಯ ತಂತಿಯ ಹಾಗೆ ಬಿಗಿಯುತ್ತಿತ್ತು. ಎಡಕ್ಕೆ ತಿರುಗಿದಾಗ ಸಡಿಲ. ಎಡಕ್ಕೆ ಎತ್ತುವುದು, ಬಲಕ್ಕೆ ಎತ್ತದಿರುವುದು ಎರಡಕ್ಕೂ ಇಲ್ಲೇ ಉತ್ತರ. ಎಡಗಡೆ ಸ್ವಿಚ್ಚಿನ ಕಟ್ಟಿಗೆ ಇದರ ಉಲ್ಟಾ ಆಗುತ್ತದೆ.

ಟೈ ಕತ್ತರಿಸಿ, ಹೊರಗಿನ ಕಪ್ಪು ತೋಳು ಸೀಳಿ, ಹಳದಿ-ಕೆಂಪು ವೈರನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾ ಬಂದೆ. ಒಳ್ಳೆಯ ವೈರ್ ಬಗ್ಗಿಸಿದರೆ ಬೆರಳಿಗೆ ಸ್ವಲ್ಪ ಬಿರುಸು ತಾಕುತ್ತದೆ. ಟೈ ಇದ್ದ ಜಾಗದಿಂದ ಎರಡು ಬೆರಳಗಲ ಕೆಳಗೆ ಬಂದಾಗ ಅದು ಥಟ್ಟನೆ ಮೆತ್ತಗಾಯಿತು. ಎರಡು ಕಡೆ ಹಿಡಿದು ಮೆಲ್ಲಗೆ ಎಳೆದರೆ ಹೊರಗಿನ ಪ್ಲಾಸ್ಟಿಕ್ ಹಿಗ್ಗುತ್ತಿದೆ. ಒಳಗೆ ತಾಮ್ರ ಇದ್ದಿದ್ದರೆ ಹಿಗ್ಗಲು ಬಿಡುತ್ತಿರಲಿಲ್ಲ. ಮೇಲೆ ನೋಡಲು ಒಂದು ಗೀರೂ ಇಲ್ಲ, ಬಣ್ಣ ಮಾತ್ರ ಒಂಚೂರು ಬಿಳಿಚಿದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗಿನ ಎಳೆಗಳು ಎಲ್ಲಾ ತುಂಡಾಗಿ, ತುದಿಗಳು ಒಂದಕ್ಕೊಂದು ಸುಮ್ನೆ ತಾಕಿಕೊಂಡು ನಿಂತಿದ್ದವು. ತುದಿಗಳಿಗೆ ಹಸಿರು ಕಿಲುಬು ಹತ್ತಿತ್ತು. ಮಡಿಕೇರಿ ಮಳೆ ಸ್ವಿಚ್ಚಿನ ಕಡೆಯಿಂದ ವೈರ್ ಒಳಗೇ ಇಳಿದು ಬಂದು ಅಲ್ಲಿ ಕೂತಿರಬೇಕು. ತಾಕಿಕೊಂಡಿರುವಷ್ಟು ಹೊತ್ತು ಮೀಟರ್ ಬೀಪ್ ಅನ್ನುತ್ತದೆ, ರಿಲೇಗೆ ಬೇಕಾದ ಕರೆಂಟ್ ಮಾತ್ರ ಕಿಲುಬು ದಾಟಿ ಬರುವುದಿಲ್ಲ.

ಪಕ್ಕದ ವೈರುಗಳನ್ನೂ ಹೀಗೇ ಬೆರಳಲ್ಲಿ ತಡವಿ ನೋಡಿದೆ. ಒಂದನ್ನು ಮಾತ್ರ ಅನುಮಾನಿಸಿದೆ, ಬ್ರೇಕ್ ಲೈಟಿನದು. ಅದೂ ಅದೇ ಜಾಗದಲ್ಲಿ ಮೆತ್ತಗಾಗುತ್ತಿತ್ತು, ಇನ್ನೂ ಕಡಿದಿರಲಿಲ್ಲ.

ಕ್ಲಚ್ ಕಡೆಯ ತೊಂದರೆ ಬೇಗ ಸಿಕ್ಕಿತು. ಕ್ಲಚ್ ಲಿವರ್ ಕೆಳಗಿನ ಪುಟ್ಟ ಸ್ವಿಚ್ಚಿಗೆ ಎರಡು ಚಪ್ಪಟೆ ಟರ್ಮಿನಲ್ ಸಿಕ್ಕಿಸಿರುತ್ತಾರೆ. ಒಂದು ಪೂರ್ತಿ ಜಾರಿ ಅಂಚಿಗೆ ನೇತಾಡುತ್ತಿತ್ತು. ಎಡಗಡೆ ಕಟ್ಟೂ ಬಿಗಿಯಾಗಿದ್ದರಿಂದ ತಿರುಗಿಸಿದಾಗಲೆಲ್ಲ ಎಳೆದೂ ಎಳೆದೂ ಕಳಚಿದೆ. ಸ್ವಿಚ್ ಸರಿ ಇದೆ, ಲಿವರ್ ಹಿಡಿದಾಗ 0.3 ಓಮ್ಸ್ ತೋರಿಸಿತು. ಟರ್ಮಿನಲ್ ಬಾಯಿಯನ್ನು ಪ್ಲೇಯರಿನಲ್ಲಿ ಒಂಚೂರು ಒತ್ತಿ ಬಿಗಿ ಮಾಡಿ ವಾಪಸ್ ಸಿಕ್ಕಿಸಿದೆ. ಇಲ್ಲಿ ಒಂದು ಎಚ್ಚರಿಕೆ: ಕ್ಲಚ್ ಸ್ವಿಚ್ ತೊಂದರೆ ಅಂದಾಗ ಅದರ ಎರಡು ವೈರ್ ತಿರುಚಿ ಜೋಡಿಸಿ 'ಡೈರೆಕ್ಟ್' ಮಾಡಿಕೊಡುವವರಿದ್ದಾರೆ. ಒಪ್ಪಬೇಡಿ. ಹಾಗೆ ಮಾಡಿದರೆ ಸೈಡ್ ಸ್ಟ್ಯಾಂಡ್ ಎತ್ತಿದ್ದಾಗ, ಗೇರಿನಲ್ಲಿದ್ದಾಗ, ಕ್ಲಚ್ ಹಿಡಿಯದೆಯೂ ಸೆಲ್ಫ್ ಎತ್ತುತ್ತದೆ. ಮನೆ ಮುಂದೆ ಮಕ್ಕಳು ಬೈಕ್ ಹತ್ತಿ ಬಟನ್ ಒತ್ತಿದರೆ ಬೈಕು ಮುಂದಕ್ಕೆ ಹಾರುತ್ತದೆ.

ಈಗ ಸರಿ ಮಾಡುವ ಕೆಲಸ. ತುಂಡಾದ ಜಾಗದಲ್ಲೇ ತಿರುಚಿ ಜೋಡಿಸಿ ಟೇಪ್ ಸುತ್ತಿದರೆ ಅವತ್ತಿಗೆ ಸರಿಹೋಗುತ್ತದೆ, ಆದರೆ ಕಟ್ಟು ಇನ್ನೂ ಗಿಡ್ಡವಾಗುತ್ತದೆ, ಮತ್ತೆ ಅಲ್ಲೇ ಕಡಿಯುತ್ತದೆ. ಕಟ್ಟಿಗೆ ಉದ್ದ ಕೊಡಲೇಬೇಕು. ಮೊದಲು ದಾರಿ ಬದಲಾಯಿಸಿದೆ. ಫೋರ್ಕ್ ಹೊರಗಿಂದ ಸುತ್ತಿ ಬರುತ್ತಿದ್ದುದನ್ನು ಎರಡು ಫೋರ್ಕ್ ಪೈಪಿನ ನಡುವಿನಿಂದ, ಟಿ-ಸ್ಟೆಮ್ ಮುಂದಿನಿಂದ ನೇರ ಇಳಿಸಿದೆ. ಇಷ್ಟರಲ್ಲೇ ನಾಲ್ಕೈದು ಬೆರಳಷ್ಟು ಉದ್ದ ಉಳಿಯಿತು. ಎತ್ತರದ ಹ್ಯಾಂಡಲ್ ಹಾಕಿಸುವವರು ಮೊದಲು ಇದನ್ನೇ ಪ್ರಯತ್ನಿಸಿ, ಹೆಚ್ಚಿನ ಬೈಕುಗಳಿಗೆ ವೈರ್ ಕತ್ತರಿಸುವ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ಅಷ್ಟು ಸಾಲಲಿಲ್ಲ, ಬಲಕ್ಕೆ ಪೂರ್ತಿ ತಿರುಗಿಸಿದಾಗ ಇನ್ನೂ ಸ್ವಲ್ಪ ಬಿಗಿ ಇತ್ತು. ಆದ್ದರಿಂದ ಬಲಗಡೆ ಕಟ್ಟಿನ ಎಲ್ಲಾ ವೈರುಗಳಿಗೂ 12 ಸೆಂಟಿಮೀಟರ್ ಸೇರಿಸಲು ನಿರ್ಧರಿಸಿದೆ.

ವೈರು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ್ದು. ವಾಹನಗಳಿಗೆ ಅಂತಲೇ ಬರುವ, ಸಣ್ಣ ಸಣ್ಣ ಎಳೆಗಳಿರುವ 1 ಚದರ ಮಿ.ಮೀ. ವೈರು, ಗೆರೆ ಇರುವ ಬಣ್ಣಗಳಲ್ಲಿ. ಮನೆ ವೈರಿಂಗಿನ ಒಂಟಿ ತಂತಿಯ ವೈರ್ ಬೈಕಿಗೆ ಬೇಡವೇ ಬೇಡ, ನಡುಕಕ್ಕೆ ಮುರಿಯುತ್ತದೆ. ಬಣ್ಣ ಹೊಂದಿಸಿಕೊಂಡರೆ ಮುಂದೆ ಯಾರು ಬಿಚ್ಚಿದರೂ ಗೊತ್ತಾಗುತ್ತದೆ.

ಜೋಡಣೆ ಎಲ್ಲಿ ಮಾಡಬೇಕು ಅನ್ನುವುದು ಹೇಗೆ ಮಾಡಬೇಕು ಅನ್ನುವುದಕ್ಕಿಂತ ಮುಖ್ಯ. ಬೆಸುಗೆ ಹಾಕಿದ ವೈರಿನಲ್ಲಿ ಸೀಸ ಎಳೆಗಳ ಒಳಗೆ ಹರಿದು ಅಷ್ಟು ಜಾಗ ಕಡ್ಡಿಯಾಗುತ್ತದೆ. ಬಗ್ಗುವ ಜಾಗದಲ್ಲಿ ಬೆಸುಗೆ ಇದ್ದರೆ ಅದರ ಪಕ್ಕದಲ್ಲೇ ಎಳೆ ಮುರಿಯುತ್ತದೆ. ಅದಕ್ಕೇ ಜೋಡಣೆಗಳನ್ನೆಲ್ಲ ಕಪ್ಲರ್ ಹತ್ತಿರ, ಫೇರಿಂಗ್ ಒಳಗೆ ಅಲುಗಾಡದ ಜಾಗದಲ್ಲಿ ಮಾಡಿದೆ. ಕಿಲುಬು ಹಿಡಿದ ತುಂಡನ್ನು, ಮೆತ್ತಗಾಗಿದ್ದ ಬ್ರೇಕ್ ಲೈಟಿನ ತುಂಡನ್ನು ಪೂರ್ತಿ ಕತ್ತರಿಸಿ ತೆಗೆದೆ. ಆ ಎರಡು ವೈರುಗಳಿಗೆ ಮಾತ್ರ ಸ್ವಿಚ್ ಗೂಡಿನ ಒಳಗಿಂದಲೇ ಹೊಸ ವೈರ್ ಎಳೆದೆ, ಇಲ್ಲದಿದ್ದರೆ ಬಗ್ಗುವ ಜಾಗದಲ್ಲಿ ಜೋಡಣೆ ಬರುತ್ತಿತ್ತು. ಒಂದು ವೈರ್ ಕತ್ತರಿಸು, ಅದನ್ನು ಮುಗಿಸು, ಆಮೇಲೆ ಇನ್ನೊಂದು. ಎಲ್ಲಾ ಒಟ್ಟಿಗೆ ಕತ್ತರಿಸಿದರೆ ಸಂಜೆ ಹೊತ್ತಿಗೆ ಯಾವುದು ಯಾವುದಕ್ಕೆ ಅನ್ನುವ ಗೊಂದಲ. ಬಣ್ಣ ಮಾಸಿದ ಹಳೇ ವೈರುಗಳಲ್ಲಿ ಕಪ್ಪೂ ಕಂದೂ ಒಂದೇ ಥರ ಕಾಣುತ್ತವೆ. ಜೋಡಣೆಗಳನ್ನು ಒಂದರ ಪಕ್ಕ ಒಂದು ಬರದ ಹಾಗೆ ಹಿಂದೆ ಮುಂದೆ ಮಾಡಿದೆ, ಇಲ್ಲದಿದ್ದರೆ ಕಟ್ಟಿನ ಮಧ್ಯೆ ಗಂಟು ನಿಲ್ಲುತ್ತದೆ. ಪ್ರತಿ ಜೋಡಣೆಗೂ ಹೀಟ್ ಶ್ರಿಂಕ್ ಟ್ಯೂಬ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ವೈರನ್ನು ಬಿಗಿಹಿಡಿಯುವ ಟ್ಯೂಬ್. ವೈರ್ ಜೋಡಿಸುವ ಮೊದಲೇ ಟ್ಯೂಬ್ ತೂರಿಸಿಡಿ.

ಕಟ್ಟಿನ ಮೇಲೆ ಸುತ್ತಲು ಬಟ್ಟೆಯ ಹಾರ್ನೆಸ್ ಟೇಪ್. ಮಾಮೂಲಿ ಪಿವಿಸಿ ಇನ್ಸುಲೇಷನ್ ಟೇಪ್ ಬಿಸಿಲಿಗೆ ಅಂಟು ಕರಗಿ ಜಾರುತ್ತದೆ, ಮುಟ್ಟಿದರೆ ಕೈಯೆಲ್ಲಾ ಜಿಗುಟು. ಹ್ಯಾಂಡಲ್‌ಗೆ ಕಟ್ಟುವಾಗ ಕೇಬಲ್ ಟೈಯನ್ನು ಕಿರುಬೆರಳ ತುದಿ ಒಳಗೆ ತೂರುವಷ್ಟು ಸಡಿಲ ಬಿಟ್ಟೆ. ಕಟ್ಟು ಬೀಳಬಾರದು ಅಷ್ಟೇ, ಬಿಗಿದು ಹಿಡಿಯಬೇಕಾಗಿಲ್ಲ. ಎಡಗಡೆ ಕಟ್ಟಿಗೆ ದಾರಿ ಬದಲಾಯಿಸಿದ್ದೇ ಸಾಕಾಯಿತು.

ಪ್ಯಾನೆಲ್ ಮುಚ್ಚುವ ಮೊದಲು ಮತ್ತೆ ಅದೇ ಪರೀಕ್ಷೆ. ರಿಲೇ ಕಪ್ಲರ್ ಹಿಂದೆ ಪಿನ್ನು, ಬಟನ್ ಒತ್ತಿಕೊಂಡು ಹ್ಯಾಂಡಲ್ ಈ ತುದಿಯಿಂದ ಆ ತುದಿಗೆ. ಮೋಟಾರ್ ಸುಮ್ಮನೆ ತಿರುಗದಿರಲಿ ಅಂತ ಅದರ ದಪ್ಪ ಕೇಬಲ್ಲನ್ನು ರಿಲೇಯಿಂದ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಇಟ್ಟಿದ್ದೆ. ಎಲ್ಲಿ ನಿಲ್ಲಿಸಿದರೂ 11.9. ಕಟ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೂ ಅಷ್ಟೇ. ನಂತರ ಕಾಯಿಲ್‌ನ ಇನ್ನೊಂದು ಬದಿ, ಹಸಿರು-ಕೆಂಪು ವೈರಿಗೂ ಅಳೆದೆ. ಇದನ್ನು ಬಹಳ ಜನ ಮರೆಯುತ್ತಾರೆ. ಅದು ಅರ್ತ್ ಕಡೆಯ ವೈರ್ ಆದ್ದರಿಂದ ಒತ್ತಿದಾಗ ಸೊನ್ನೆಯ ಹತ್ತಿರ ಇರಬೇಕು. ಗೇರಿನಲ್ಲಿಟ್ಟು, ಸೈಡ್ ಸ್ಟ್ಯಾಂಡ್ ಎತ್ತಿ, ಕ್ಲಚ್ ಹಿಡಿದಾಗ 0.2. ನ್ಯೂಟ್ರಲ್‌ನಲ್ಲಿ 0.8. ನ್ಯೂಟ್ರಲ್ ದಾರಿಯಲ್ಲಿ ಡಯೋಡ್ ಇರುವುದರಿಂದ ಅಷ್ಟು ಜಾಸ್ತಿ ಬರುವುದು ಸಹಜ, ಗಾಬರಿ ಬೇಡ. ಇಲ್ಲಿ ಮೂರು ನಾಲ್ಕು ವೋಲ್ಟ್ ಕಂಡರೆ ಅರ್ತ್ ದಾರಿಯಲ್ಲಿ ಅಡ್ಡಿ ಇದೆ ಅಂತ ಅರ್ಥ.

ಅರ್ತ್ ಅಂದಾಗ ಹಳೆಯ ಬೈಕ್ ಇರುವವರಿಗೆ ಒಂದು ಮಾತು. ಎಪ್ಪತ್ತರ ದಶಕದ ಹೋಂಡಾ ಸಿಬಿ 350ರಂಥ ಬೈಕುಗಳಲ್ಲಿ ಸ್ಟಾರ್ಟ್ ಬಟನ್‌ಗೆ ಒಂದೇ ವೈರ್ ಬರುತ್ತದೆ. ಬಟನ್ ಒತ್ತಿದಾಗ ಅದು ಹ್ಯಾಂಡಲ್ ಪೈಪಿನ ಲೋಹದ ಮೂಲಕವೇ ಅರ್ತ್ ಆಗುತ್ತದೆ. ಅಂಥದ್ದಕ್ಕೆ ಪೌಡರ್ ಕೋಟಿಂಗ್ ಮಾಡಿದ ಹ್ಯಾಂಡಲ್ ಹಾಕಿದರೆ, ಇಲ್ಲವೇ ರಬ್ಬರ್ ಬುಷ್ ಮೇಲೆ ಕೂರಿಸಿ ಅರ್ತ್ ವೈರ್ ಕೊಡದಿದ್ದರೆ, ಸೆಲ್ಫ್ ಸತ್ತಂತೆಯೇ. ಎಷ್ಟೋ ಹಳೇ ಬೈಕುಗಳ ಹಾರ್ನ್ ಬಟನ್ನೂ ಹೀಗೇ ಕೆಲಸ ಮಾಡುತ್ತದೆ, ಹಾಗಾಗಿ ಹ್ಯಾಂಡಲ್ ಬದಲಾಯಿಸಿದ ಮೇಲೆ ಸೆಲ್ಫ್ ಜೊತೆ ಹಾರ್ನೂ ಹೋಗಿದ್ದರೆ ಮೊದಲು ಅರ್ತ್ ನೋಡಿ. ಸ್ವಿಚ್ ಗೂಡು ಕೂರುವ ಜಾಗದಲ್ಲಿ ಪೇಂಟನ್ನು ಉಪ್ಪುಕಾಗದದಲ್ಲಿ ಉಜ್ಜಿ ಲೋಹ ಕಾಣುವಂತೆ ಮಾಡಿ, ಹ್ಯಾಂಡಲ್‌ನಿಂದ ಫ್ರೇಮಿಗೆ ಒಂದು ವೈರ್ ಎಳೆದರೆ ಮುಗಿಯಿತು.

ಕೊನೆಗೆ ಎಂಜಿನ್ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿಟ್ಟು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದೆ. ಆರ್‌ಪಿಎಂ ಏರಬಾರದು. ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ, ಯು-ಟರ್ನ್ ಮಾಡುವಾಗ ಬೈಕು ತಾನಾಗೇ ಮುಂದಕ್ಕೆ ನುಗ್ಗುತ್ತದೆ. ಸೆಲ್ಫ್‌ಗಿಂತ ಇದು ಹೆಚ್ಚು ಅಪಾಯದ ವಿಷಯ. ಇಲ್ಲಿ ಸರಿ ಇತ್ತು. ಬ್ರೇಕ್ ಹೋಸ್ ಎರಡೂ ಕಡೆ ಸಡಿಲವಾಗಿಯೇ ಇತ್ತು. ಕ್ಲಚ್ ಲಿವರ್ ತುದಿಯಲ್ಲಿ ಆಟ ಮಾತ್ರ ಜಾಸ್ತಿ ಇತ್ತು, 10ರಿಂದ 20 ಮಿ.ಮೀ. ಒಳಗೆ ತಂದೆ. ಬ್ರೇಕ್ ಲಿವರ್ ಹಿಡಿದು ಹಿಂದಿನ ಲೈಟ್ ಉರಿಯುವುದನ್ನು ಹ್ಯಾಂಡಲ್ ತಿರುಗಿಸಿಯೇ ನೋಡಿದೆ. ಆಮೇಲೆ ಸ್ವಿಚ್ಚಿನ ಮೇಲೆ ಪೈಪಿನಲ್ಲಿ ನೀರು ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿಸಿದೆ. ಎತ್ತಿತು.

ಗ್ಯಾರೇಜಿನಲ್ಲಿ ತೆಗೆದಿದ್ದ ಹಳೇ ರಿಲೇಯನ್ನು ಹುಡುಗ ಎಸೆದಿರಲಿಲ್ಲ, ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ. ಕಾಯಿಲ್ 4.1 ಓಮ್ಸ್ ತೋರಿಸಿತು, ಬ್ಯಾಟರಿಗೆ ಕೊಟ್ಟರೆ ಗಟ್ಟಿಯಾಗಿ ಎಳೆಯುತ್ತದೆ, ದಪ್ಪ ಟರ್ಮಿನಲ್‌ಗಳೂ ಶುಭ್ರವಾಗಿವೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೀಟಿನ ಕೆಳಗೆ ಟೂಲ್‌ಕಿಟ್ ಜೊತೆ ಇಟ್ಟೆ. ಕ್ಲಚ್ ಸ್ವಿಚ್ಚಿನ ಮೇಲಿನ ರಬ್ಬರ್ ಟೋಪಿ ಹರಿದಿದೆ, ಹೊಸದಕ್ಕೆ ಹೇಳಿದ್ದೇನೆ. ಅದು ಬರುವ ತನಕ ಟರ್ಮಿನಲ್‌ಗಳಿಗೆ ಒಂಚೂರು ಗ್ರೀಸ್ ಸವರಿ ಬಿಟ್ಟಿದೆ.